ಮಧ್ಯಾಹ್ನ ಎರಡೂವರೆಗೇ ಯಾಕೆ ಹಾಡು ಬಿಡುತ್ತಾರೆ? ಕೊರಿಯಾದ ಹುಡುಗರ ತಂಡಗಳು ಬೆಳೆದ ಬಗೆ

ಕೊರಿಯಾದ ಹುಡುಗರ ಪಾಪ್ ತಂಡವೊಂದು ಹೊಸ ಆಲ್ಬಮ್ ಬಿಡುವಾಗ ನಮ್ಮ ಗಡಿಯಾರದಲ್ಲಿ ಹೆಚ್ಚಾಗಿ ಮಧ್ಯಾಹ್ನ 2:30 ಆಗಿರುತ್ತದೆ. ಕೆಲವೊಮ್ಮೆ ಶುಕ್ರವಾರ ಬೆಳಿಗ್ಗೆ 9:30. ಕಾಲೇಜಿನಲ್ಲಿ ಊಟದ ಬಿಡುವು ಮುಗಿದ ಮೇಲೂ ಯಾರಾದರೂ ಬೆಂಚಿನ ಕೆಳಗೆ ಫೋನ್ ಹಿಡಿದು ಕೂತಿದ್ದರೆ ಕಾರಣ ಇದೇ ಇರಬಹುದು. ಈ ಎರಡು ಹೊತ್ತುಗಳ ಹಿಂದಿನ ಲೆಕ್ಕ ತಿಳಿದರೆ ಈ ತಂಡಗಳು ಹೇಗೆ ಬೆಳೆದವು ಎಂಬುದರ ಅರ್ಧ ತಿಳಿದಂತೆ.

ಕೊರಿಯಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮ 2:30 ಎಂದರೆ ಸೋಲ್‌ನಲ್ಲಿ ಸಂಜೆ 6. ಹಿಂದೆ ಅಲ್ಲಿ ಎಷ್ಟೋ ಹಾಡುಗಳು ನಡುರಾತ್ರಿ 12ಕ್ಕೆ ಬರುತ್ತಿದ್ದವು. ಊರೆಲ್ಲ ಮಲಗಿದ ಹೊತ್ತಿನಲ್ಲಿ ಅಭಿಮಾನಿಗಳು ಎದ್ದು ಕೂತು ತಮ್ಮ ತಂಡದ ಹಾಡನ್ನೇ ಒಂದೇ ಸಮನೆ ಕೇಳುತ್ತಿದ್ದರು. ಗಂಟೆಗೊಮ್ಮೆ ಬದಲಾಗುವ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆ ಹಾಡು ಬೆಳಗಾಗುವಷ್ಟರಲ್ಲಿ ಮೇಲಿರುತ್ತಿತ್ತು. ಇದಕ್ಕೆ ಕಡಿವಾಣ ಹಾಕಲು ಫೆಬ್ರುವರಿ 2017ರಲ್ಲಿ ನಿಯಮ ಬದಲಾಯಿತು. ಮಧ್ಯಾಹ್ನ 12ರಿಂದ ಸಂಜೆ 6ರೊಳಗೆ ಬಂದ ಹಾಡು ಮಾತ್ರ ಆಗಲೇ ಪಟ್ಟಿಗೆ ಸೇರತೊಡಗಿತು, ಆಮೇಲೆ ಬಂದದ್ದು ಮರುದಿನ ಮಧ್ಯಾಹ್ನ 1ರವರೆಗೆ ಕಾಯಬೇಕಾಯಿತು. ಆ ಅವಧಿಯಲ್ಲಿ ಶಾಲೆ, ಆಫೀಸು ಬಿಡುವ ಹೊತ್ತಿಗೆ ಹತ್ತಿರವಾದದ್ದು 6 ಗಂಟೆ. ಕಂಪನಿಗಳು ಅಲ್ಲೇ ನಿಂತವು.

9:30ರ ಲೆಕ್ಕ ಬೇರೆ. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಶುಕ್ರವಾರದ ನಡುರಾತ್ರಿ 12 ಆಗುವಾಗ ನಮಗೆ ಬೆಳಿಗ್ಗೆ 9:30 (ಅವರ ಚಳಿಗಾಲದಲ್ಲಿ 10:30). ಅಲ್ಲಿನ ಜನಪ್ರಿಯ ಹಾಡುಗಳನ್ನು ಎಣಿಸುವ ಬಿಲ್‌ಬೋರ್ಡ್ ಪಟ್ಟಿಯ ವಾರ ಶುರುವಾಗುವುದು ಆ ಕ್ಷಣಕ್ಕೆ. ಕೊರಿಯಾದ ಏಳು ಹುಡುಗರ ತಂಡ ಬಿಟಿಎಸ್‌ನ ಹಾಡು ‘ಡೈನಮೈಟ್’ 2020ರ ಆಗಸ್ಟ್ 21ರ ಶುಕ್ರವಾರ ಇದೇ ಹೊತ್ತಿಗೆ ಬಂತು, ಏಳೂ ದಿನದ ಎಣಿಕೆ ಪೂರ್ತಿಯಾಗಿ ಸಿಕ್ಕಿತು, ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನಕ್ಕೆ ಏರಿತು. ತಂಡವೊಂದು ಹೊತ್ತು ಘೋಷಿಸಿದ ಕೂಡಲೇ ಅದರ ಕಂಪನಿ ಸೋಲ್ ಕಡೆ ನೋಡುತ್ತಿದೆಯೋ ನ್ಯೂಯಾರ್ಕ್ ಕಡೆಯೋ ಎಂದು ಹೇಳಿಬಿಡಬಹುದು.

ಇಲ್ಲಿ ಗಮನಿಸಬೇಕಾದದ್ದು, ಅಭಿಮಾನಿಗಳ ರಾತ್ರಿ ಪಾಳಿಯಿಂದಾಗಿ ಒಂದು ದೇಶದ ಸಂಗೀತ ಪಟ್ಟಿಯ ನಿಯಮವೇ ಬದಲಾಯಿತು ಎಂಬುದು. ಕೊರಿಯಾದ ಹುಡುಗರ ತಂಡಗಳ ಗೆಲುವು ಕಂಪನಿಯ ಜಾಣತನದಿಂದ ಬಂದದ್ದು ಎಂದು ಬರೆಯುವವರು ಬಹಳ. ನನ್ನ ಎಣಿಕೆಯಲ್ಲಿ ಅದು ಕಾಲು ಭಾಗ. ಮಿಕ್ಕಿದ್ದು ಕೇಳುಗರು ಮಾಡುವ ದುಡಿಮೆ. ಆ ದುಡಿಮೆಗೆ ಎಲ್ಲೆಲ್ಲಿ ಜಾಗ ಬಿಡಬೇಕು ಎಂದು ಕಂಪನಿಗಳು ಮೂವತ್ತು ವರ್ಷಗಳಲ್ಲಿ ಕಲಿತುಕೊಂಡವು.

ಮೊದಲ ಪಾಠ ಬಂದದ್ದು 1992ರ ಏಪ್ರಿಲ್‌ನಲ್ಲಿ. ಸೊ ತೈಜಿ ಅಂಡ್ ಬಾಯ್ಸ್ ಎಂಬ ಮೂವರ ತಂಡ ಎಂಬಿಸಿ ವಾಹಿನಿಯ ಪ್ರತಿಭಾ ಸ್ಪರ್ಧೆಯಲ್ಲಿ ರ್‍ಯಾಪ್ ಹಾಡಿತು. ತೀರ್ಪುಗಾರರು ಕೊಟ್ಟದ್ದು ಆ ದಿನದ ಅತಿ ಕಡಿಮೆ ಅಂಕ. ಹದಿಹರೆಯದವರು ಮಾತ್ರ ಹಾಡನ್ನು ಎತ್ತಿ ಹಿಡಿದರು. ಆ ಮೂವರಲ್ಲಿ ಒಬ್ಬರಾದ ಯಾಂಗ್ ಹ್ಯುನ್-ಸಕ್ ಮುಂದೆ ವೈಜಿ ಎಂಟರ್‌ಟೇನ್‌ಮೆಂಟ್ ಕಟ್ಟಿದರು. 1996ರ ಸೆಪ್ಟೆಂಬರ್‌ನಲ್ಲಿ ಲೀ ಸೂ-ಮಾನ್ ಅವರ ಎಸ್‌ಎಂ ಎಂಟರ್‌ಟೇನ್‌ಮೆಂಟ್ ಐವರ ತಂಡ ಎಚ್‌.ಒ.ಟಿ.ಯನ್ನು ತಂದಿತು. ಆಯ್ಕೆ, ತರಬೇತಿ, ಉಡುಪು, ಅಭಿಮಾನಿ ಸಂಘ ಎಲ್ಲವನ್ನೂ ಒಂದೇ ಕಂಪನಿ ನೋಡಿಕೊಳ್ಳುವ ಈಗಿನ ಪದ್ಧತಿ ನೆಲೆಯಾದದ್ದು ಅಲ್ಲಿಂದ. ಅಭಿಮಾನಿಗಳು ಕೈಯಲ್ಲಿ ಹಿಡಿಯುವ ಬಲೂನಿನ ಬಣ್ಣಗಳೂ ಆ ಕಾಲದವೇ. ಎಚ್‌.ಒ.ಟಿ.ಗೆ ಬಿಳಿ, ಸೆಕ್ಸ್‌ಕೀಸ್‌ಗೆ ಹಳದಿ, ಶಿನ್ಹ್ವಾಗೆ ಕಿತ್ತಳೆ, ಜಿ.ಒ.ಡಿ.ಗೆ ಆಕಾಶನೀಲಿ. ಹಲವು ತಂಡಗಳು ಒಂದೇ ವೇದಿಕೆಗೆ ಬರುವ ಕಾರ್ಯಕ್ರಮದಲ್ಲಿ ಯಾರಿಗೆ ಎಷ್ಟು ಜನ ಎಂಬುದು ಮೈದಾನದ ಬಣ್ಣದಲ್ಲೇ ಕಾಣುತ್ತಿತ್ತು.

ಆಮೇಲೆ ಬಂತು ಹಣದ ಸಂಕಟ. 1997ರ ಆರ್ಥಿಕ ಕುಸಿತ, ಅದರ ಬೆನ್ನಿಗೇ ಮನೆಮನೆಗೆ ಬ್ರಾಡ್‌ಬ್ಯಾಂಡ್, ಎಂಪಿ3. ಸುಮಾರು 5 ಕೋಟಿ ಜನರ ದೇಶದಲ್ಲಿ ಸಿಡಿ ಮಾರಾಟ ನೆಲಕಚ್ಚಿತು. 2001ರ ನಂತರ 10 ಲಕ್ಷ ದಾಟಿದ ಆಲ್ಬಮ್ ಬರಲು 2013ರಲ್ಲಿ ಎಕ್ಸೋ ತಂಡದವರೆಗೆ ಕಾಯಬೇಕಾಯಿತು. ಹಾಗಾಗಿ ಹೊರದೇಶ ಬೇಕೇ ಬೇಕಾಯಿತು. 2003ರ ಕೊನೆಯಲ್ಲಿ ಬಂದ ಟಿವಿಎಕ್ಸ್‌ಕ್ಯೂ ತಂಡದವರು ಜಪಾನಿಗೆ ಹೋಗಿ ಜಪಾನಿ ಭಾಷೆಯಲ್ಲೇ ಹಾಡಿದರು, ಅಲ್ಲಿನ ಸಣ್ಣ ವೇದಿಕೆಗಳಿಂದ ಟೋಕಿಯೊ ಡೋಮ್‌ಗೆ ಏರಿದರು. 2012ರಲ್ಲಿ ಎಕ್ಸೋದ 12 ಜನರನ್ನು ಆರಾರಂತೆ ಎರಡು ಪಾಲು ಮಾಡಿ, ಒಂದೇ ಹಾಡನ್ನು ಒಂದು ಪಾಲಿನವರಿಂದ ಕೊರಿಯನ್‌ನಲ್ಲಿ, ಇನ್ನೊಂದು ಪಾಲಿನವರಿಂದ ಚೀನೀ ಭಾಷೆಯಲ್ಲಿ ಹಾಡಿಸಿದರು.

ಇದರ ಬೆಲೆ ತೆತ್ತವರು ಹುಡುಗರು. ಟಿವಿಎಕ್ಸ್‌ಕ್ಯೂನ ಐವರಲ್ಲಿ ಮೂವರು 2009ರ ಜುಲೈನಲ್ಲಿ ತಮ್ಮ 13 ವರ್ಷದ ಒಪ್ಪಂದದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಕೊರಿಯಾದ ನ್ಯಾಯೋಚಿತ ವ್ಯಾಪಾರ ಆಯೋಗ ಮಾದರಿ ಒಪ್ಪಂದ ತಂದು ಅವಧಿಯನ್ನು 7 ವರ್ಷಕ್ಕೆ ಸೀಮಿತಗೊಳಿಸಿತು. 2014ರ ಕಾನೂನು 15 ವರ್ಷದೊಳಗಿನ ಕಲಾವಿದರಿಗೆ ವಾರಕ್ಕೆ 35 ಗಂಟೆಯ ಮಿತಿ ಹಾಕಿತು. ಅಭಿಮಾನಿಗಳು ‘ಏಳನೇ ವರ್ಷದ ಕಂಟಕ’ ಎಂದು ಹೆದರುವುದು ಈ 7 ವರ್ಷದ ಒಪ್ಪಂದದ ಲೆಕ್ಕಕ್ಕೆ. ನಿಮಗೆ ಇಷ್ಟವಾದ ತಂಡ ಶುರುವಾದ ವರ್ಷಕ್ಕೆ 7 ಕೂಡಿಸಿ, ಆ ಹೊತ್ತಿಗೆ ಅಥವಾ ಅದಕ್ಕೂ ಮುಂಚೆ ಹೊಸ ಒಪ್ಪಂದಕ್ಕೆ ಸಹಿಯ ಸುದ್ದಿ ಬರುತ್ತದೆ. ಬಿಟಿಎಸ್ ಶುರುವಾದದ್ದು 2013, ಮೊದಲ ನವೀಕರಣ 2018ರಲ್ಲಿ, ಎರಡನೆಯದು 2023ರಲ್ಲಿ. 2015ರಲ್ಲಿ ಬಂದ ಸೆವೆಂಟೀನ್‌ನ 13 ಜನರೂ 2021ರಲ್ಲೇ ಒಟ್ಟಿಗೆ ಸಹಿ ಹಾಕಿದರು. ಅವಧಿ ಮುಗಿಯುವ ಮೊದಲೇ ಎಲ್ಲರೂ ಸಹಿ ಹಾಕಿದರೆ ತಂಡದೊಳಗೆ ಹೊಂದಾಣಿಕೆ ಇದೆ ಎಂದು ಅರ್ಥ.

ಬಿಟಿಎಸ್ ವಿಚಾರದಲ್ಲಿ ಮರೆಯಬಾರದ ಸಂಗತಿಯೊಂದಿದೆ. ಬಾಂಗ್ ಶಿ-ಹ್ಯುಕ್ ಅವರ ಬಿಗ್ ಹಿಟ್ ಆಗ ಸಣ್ಣ ಕಂಪನಿ. ಟಿವಿ ಸಂಗೀತ ಕಾರ್ಯಕ್ರಮದಲ್ಲಿ ತಂಡಕ್ಕೆ ಮೊದಲ ಗೆಲುವು ಸಿಕ್ಕಿದ್ದು 2015ರ ಮೇ ತಿಂಗಳಲ್ಲಿ, ಶುರುವಾಗಿ ಸುಮಾರು ಎರಡು ವರ್ಷದ ನಂತರ. ಅಲ್ಲಿಯವರೆಗೆ ಅವರು ನೆಚ್ಚಿಕೊಂಡದ್ದು ಟ್ವಿಟರ್, ಯೂಟ್ಯೂಬ್ ಮತ್ತು ತಮ್ಮ ಬ್ಲಾಗನ್ನು. ಅಡುಗೆ ಮಾಡುವುದು, ಅಭ್ಯಾಸ ಕೊಠಡಿಯಲ್ಲಿ ಬೆವರುವುದು, ಪರಸ್ಪರ ಕಾಡಿಸುವುದು, ಹೀಗೆ ನಿಮಿಷಗಟ್ಟಲೆಯ ಸಣ್ಣ ವಿಡಿಯೊಗಳು ನೂರಾರು ಬಂದವು. ಅವು ಕೊರಿಯನ್‌ನಲ್ಲಿದ್ದವು. ಅವುಗಳಿಗೆ ರಾತ್ರೋರಾತ್ರಿ ಉಪಶೀರ್ಷಿಕೆ ಬರೆದು ಜಗತ್ತಿಗೆ ಹಂಚಿದವರು ಬಿಡಿಗಾಸೂ ಪಡೆಯದ ಅಭಿಮಾನಿ ಅನುವಾದಕರು. 2017ರ ಮೇ ತಿಂಗಳಲ್ಲಿ ಬಿಲ್‌ಬೋರ್ಡ್‌ನ ಸಾಮಾಜಿಕ ಮಾಧ್ಯಮ ಪ್ರಶಸ್ತಿಯನ್ನು ಅದುವರೆಗೆ ಆರು ವರ್ಷ ಸತತವಾಗಿ ಗೆದ್ದಿದ್ದ ಜಸ್ಟಿನ್ ಬೀಬರ್ ಅವರನ್ನು ಹಿಂದಿಕ್ಕಿ ಬಿಟಿಎಸ್ ಪಡೆದದ್ದು ಆ ಜನರ ಬಲದಿಂದ. ಮುಂದಿನ ವರ್ಷ ಅವರ ಆಲ್ಬಮ್ ಬಿಲ್‌ಬೋರ್ಡ್ 200ರ ಮೊದಲ ಸ್ಥಾನದಲ್ಲಿತ್ತು. ಆ ಅನುವಾದಕರ ಹೆಸರು ಯಾವ ಪ್ರಶಸ್ತಿ ಭಾಷಣದಲ್ಲೂ ದೊಡ್ಡದಾಗಿ ಬರಲಿಲ್ಲವೆಂಬುದು ನನಗೆ ನಿಜವಾಗಿ ಬೇಸರದ ಸಂಗತಿ.

ಇನ್ನು ಒಂದು ಕಮ್‌ಬ್ಯಾಕ್ ನಡೆಯುವ ಬಗೆ. ಕಮ್‌ಬ್ಯಾಕ್ ಎಂದರೆ ಬಿಟ್ಟುಹೋದವರು ಮರಳಿದರು ಎಂದಲ್ಲ, ಪ್ರತಿ ಹೊಸ ಆಲ್ಬಮ್‌ಗೂ ಅದೇ ಪದ. ಎರಡು ಮೂರು ವಾರ ಮುಂಚೆ ದಿನಾಂಕವಾರು ವೇಳಾಪಟ್ಟಿ ಬರುತ್ತದೆ. ಫೋಟೊಗಳು, ಹಾಡುಗಳ ಪಟ್ಟಿ, ಎಲ್ಲ ಹಾಡುಗಳ ತುಣುಕು, ಕೊನೆಗೆ ವಿಡಿಯೊದ ಟೀಸರ್. ಮುಂಗಡ ಬುಕಿಂಗ್ ಅಷ್ಟರಲ್ಲಿ ತೆರೆದಿರುತ್ತದೆ. ಬಿಡುಗಡೆಯಾದ ದಿನದಿಂದ ಏಳು ದಿನದ ಮಾರಾಟಕ್ಕೆ ಕೊರಿಯನ್‌ನಲ್ಲಿ ‘ಚೊದೊಂಗ್’ ಎನ್ನುತ್ತಾರೆ. ಹುಡುಗರ ತಂಡದ ತಾಕತ್ತನ್ನು ಅಳೆಯುವುದು ಇದರಿಂದಲೇ. ಹೆಣ್ಣುಮಕ್ಕಳ ತಂಡದ ಹಾಡನ್ನು ಊರೆಲ್ಲ ಕೇಳುತ್ತದೆ, ಹುಡುಗರ ತಂಡದ ಆಲ್ಬಮ್ ಅನ್ನು ಅಭಿಮಾನಿಗಳು ಕೊಳ್ಳುತ್ತಾರೆ ಎಂಬ ಮಾತು ಸ್ಥೂಲವಾಗಿ ನಿಜ. 2020ರಲ್ಲಿ ಬಿಟಿಎಸ್‌ನ ಒಂದು ಆಲ್ಬಮ್ ಮೊದಲ ವಾರ 33 ಲಕ್ಷ ದಾಟಿತು. 2023ರ ಏಪ್ರಿಲ್‌ನಲ್ಲಿ ಬಂದ ಸೆವೆಂಟೀನ್ ಆಲ್ಬಮ್ 45 ಲಕ್ಷ, ಜೂನ್‌ನಲ್ಲಿ ಬಂದ ಸ್ಟ್ರೇ ಕಿಡ್ಸ್ ಆಲ್ಬಮ್ 46 ಲಕ್ಷ.

ಇಲ್ಲಿ ಹೊಸಬರು ಎಡವುತ್ತಾರೆ. ಮಾರಾಟ ಎಣಿಸುವ ಪಟ್ಟಿಗಳು ಎರಡು. ಹಾಂಟಿಯೊ ತನ್ನೊಡನೆ ನೋಂದಾಯಿಸಿದ ಅಂಗಡಿಗಳ ಮಾರಾಟವನ್ನು ಆಗಿಂದಾಗ್ಗೆ ಎಣಿಸುತ್ತದೆ. ಸರ್ಕಲ್ (2022ರವರೆಗೆ ಇದರ ಹೆಸರು ಗಾವೊನ್) ಅಂಗಡಿಗಳಿಗೆ ಹೋದ ಪ್ರತಿಗಳಲ್ಲಿ ಮರಳಿ ಬಂದವನ್ನು ಕಳೆದು ಎಣಿಸುತ್ತದೆ. ಆದ್ದರಿಂದ ಎರಡರ ಸಂಖ್ಯೆ ಎಂದೂ ಒಂದೇ ಇರುವುದಿಲ್ಲ. ನೋಂದಾಯಿಸದ ಅಂಗಡಿಯಿಂದ ಕೊಂಡ ನಿಮ್ಮ ಪ್ರತಿ ಹಾಂಟಿಯೊ ಲೆಕ್ಕಕ್ಕೆ ಬರುವುದಿಲ್ಲ. ಕೊಳ್ಳುವ ಮುನ್ನ ಅಂಗಡಿಯ ಪುಟದಲ್ಲಿ ಆ ಪಟ್ಟಿಯ ಗುರುತು ಇದೆಯೇ ನೋಡಿ.

ಸ್ಟ್ರೀಮಿಂಗ್‌ನಲ್ಲೂ ತಪ್ಪುಗಳಿವೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. ಹಾಗೆಂದು 31ನೇ ಸೆಕೆಂಡಿಗೆ ಮುಂದಕ್ಕೆ ಹಾರಿಸುತ್ತ ಒಂದೇ ಹಾಡನ್ನು ರಾತ್ರಿಯಿಡೀ ತಿರುಗಿಸಿದರೆ ಅದು ಯಂತ್ರದ ನಡವಳಿಕೆಯಂತೆ ಕಂಡು ಎಣಿಕೆಯಿಂದ ಕಳಚಿಬೀಳುವ ಅಪಾಯವಿದೆ. ಬೇರೆ ಹಾಡುಗಳನ್ನು ನಡುನಡುವೆ ಸೇರಿಸಿ ಪಟ್ಟಿ ಮಾಡಿಕೊಂಡು ಪೂರ್ತಿ ಕೇಳುವುದು ಒಳ್ಳೆಯದು. ಹಾಡಿಗೂ ಅದೇ ಮರ್ಯಾದೆ.

ವಾರವಿಡೀ ಟಿವಿ ಸಂಗೀತ ಕಾರ್ಯಕ್ರಮಗಳು ಬಹುಕಾಲ ಈ ಕ್ರಮದಲ್ಲಿ ಬರುತ್ತಿದ್ದವು: ಮಂಗಳವಾರ ದಿ ಶೋ, ಬುಧವಾರ ಶೋ ಚಾಂಪಿಯನ್, ಗುರುವಾರ ಎಂ ಕೌಂಟ್‌ಡೌನ್, ಶುಕ್ರವಾರ ಮ್ಯೂಸಿಕ್ ಬ್ಯಾಂಕ್, ಶನಿವಾರ ಮ್ಯೂಸಿಕ್ ಕೋರ್, ಭಾನುವಾರ ಇಂಕಿಗಾಯೊ. ಎಲ್ಲವೂ ಪ್ರತಿ ವಾರ ಇರುವುದಿಲ್ಲ. ಡಿಜಿಟಲ್ ಕೇಳುಗೆ, ಆಲ್ಬಮ್ ಮಾರಾಟ, ವಿಡಿಯೊ ವೀಕ್ಷಣೆ, ಮತ ಇವುಗಳನ್ನು ಒಂದೊಂದು ಕಾರ್ಯಕ್ರಮ ಒಂದೊಂದು ಪ್ರಮಾಣದಲ್ಲಿ ತೂಗುತ್ತದೆ. ಗೆದ್ದವರು ಕೊನೆಯಲ್ಲಿ ಹಾಡನ್ನು ಇನ್ನೊಮ್ಮೆ ಹಾಡುತ್ತಾರೆ. ಆಗ ಹಿನ್ನೆಲೆಯ ಧ್ವನಿ ತಗ್ಗಿರುತ್ತದೆ, ನಿಜದ ಕಂಠ ಕೇಳುತ್ತದೆ. ತಂಡವೊಂದರ ಹಾಡುಗಾರಿಕೆಯ ಮಟ್ಟ ತಿಳಿಯಬೇಕಿದ್ದರೆ ಕೋಟಿ ವೀಕ್ಷಣೆಯ ವಿಡಿಯೊ ಬಿಟ್ಟು ಈ ಮರುಹಾಡನ್ನು ನೋಡಿ.

ಆಲ್ಬಮ್ ಎಂದರೆ ಸಿಡಿ ಮಾತ್ರವಲ್ಲ. ಫೋಟೊ ಪುಸ್ತಕ, ಪೋಸ್ಟರ್, ಸ್ಟಿಕ್ಕರ್, ಜತೆಗೆ ತಂಡದಲ್ಲಿ ಯಾರ ಚಿತ್ರ ಸಿಗುತ್ತದೆಂದು ಮೊದಲೇ ಗೊತ್ತಾಗದ ಫೋಟೊಕಾರ್ಡ್. ಒಂದೇ ಆಲ್ಬಮ್‌ಗೆ ಮೂರು ನಾಲ್ಕು ಆವೃತ್ತಿ. ತಂಡವನ್ನು ಭೇಟಿಯಾಗುವ ಸಹಿ ಕಾರ್ಯಕ್ರಮಕ್ಕೆ ಚೀಟಿ ಎತ್ತುವುದರಿಂದ, ಹೆಚ್ಚು ಪ್ರತಿ ಕೊಂಡಷ್ಟೂ ಹೆಚ್ಚು ಅವಕಾಶ. ಈ ಪದ್ಧತಿಯೇ ತಪ್ಪು. ಕಾರ್ಡ್ ತೆಗೆದುಕೊಂಡು ಆಲ್ಬಮ್‌ಗಳನ್ನು ರಾಶಿ ರಾಶಿ ಬಿಸಾಡುವ ಪರಿಸ್ಥಿತಿ ಬಂದದ್ದು ಇದರಿಂದ. ಇಂಡೊನೇಷ್ಯಾ ಮತ್ತು ಕೊರಿಯಾದ ಅಭಿಮಾನಿಗಳು 2021ರಿಂದ ಸಂಘಟಿತರಾಗಿ ಕಂಪನಿಗಳನ್ನು ಇದೇ ವಿಚಾರಕ್ಕೆ ಕೇಳುತ್ತಿದ್ದಾರೆ. ಕೇಳಲೇಬೇಕು.

ಕರ್ನಾಟಕದಿಂದ ಒಂದೇ ಆಲ್ಬಮ್ ತರಿಸಿದರೆ ಸಾಗಣೆಯ ಖರ್ಚು ಆಲ್ಬಮ್ ಬೆಲೆಯನ್ನೇ ಮುಟ್ಟಬಹುದು. ಹಾಗಾಗಿ ಗ್ರೂಪ್ ಆರ್ಡರ್. ಒಬ್ಬರು ಹೊಣೆ ಹೊತ್ತು ಹತ್ತಿಪ್ಪತ್ತು ಜನರದ್ದನ್ನು ಒಟ್ಟಿಗೆ ತರಿಸುತ್ತಾರೆ. ಹಣ ಮೂರು ಕಂತಿನಲ್ಲಿ ಹೋಗುತ್ತದೆ: ಮೊದಲು ಆಲ್ಬಮ್ ಬೆಲೆ, ಪೆಟ್ಟಿಗೆ ಭಾರತಕ್ಕೆ ಬಂದಾಗ ಸಾಗಣೆ ಮತ್ತು ಸುಂಕದ ಪಾಲು, ಕೊನೆಗೆ ಊರಿನೊಳಗಿನ ಕೊರಿಯರ್. ಎರಡನೇ ಕಂತೇ ಜಗಳದ ಮೂಲ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30×25×20ರ ಪೆಟ್ಟಿಗೆ ತಕ್ಕಡಿಯಲ್ಲಿ 2 ಕೆ.ಜಿ. ತೂಗಿದರೂ ಲೆಕ್ಕಕ್ಕೆ 3 ಕೆ.ಜಿ. ಸುಂಕ ಬೀಳುವುದು ಸಾಮಾನಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ‘ಉಡುಗೊರೆ ಎಂದು ಬರೆಸಿದರೆ ಸುಂಕ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಆ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಹಣ ಕೊಡುವ ಮುನ್ನ ಆ ವ್ಯಕ್ತಿ ಹಿಂದೆ ಮುಗಿಸಿದ ಆರ್ಡರ್‌ಗಳ ವಿವರ ಕೇಳಿ. ಮೊದಲೇ ಪೂರ್ತಿ ಹಣ ಕೇಳಿ ಬೆಲೆಪಟ್ಟಿ ತೋರಿಸದವರಿಂದ ದೂರವಿರಿ. ಪೆಟ್ಟಿಗೆ ಬಿಚ್ಚುವಾಗ ವಿಳಾಸದ ಚೀಟಿಯಿಂದ ಹಿಡಿದು ಕೊನೆಯ ಕಾರ್ಡಿನವರೆಗೆ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಕಾರ್ಡ್ ಕಡಿಮೆ ಬಂದರೆ ಅಂಗಡಿಯವರು ಕೇಳುವ ಸಾಕ್ಷಿ ಅದೊಂದೇ.

ಫೋಟೊಕಾರ್ಡ್ ಸುಮಾರು 55×85 ಮಿ.ಮೀ. ಇರುತ್ತದೆ. ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದಾದ ಪಾಲಿಪ್ರೊಪಿಲೀನ್ ಕವರ್ ಸಾಕು. ಮೆತ್ತನೆಯ ಪಿವಿಸಿ ಕವರ್ ಬೇಡ. ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಹೊರಬಂದು ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಮಲೆನಾಡು, ಕರಾವಳಿಯಲ್ಲಿದ್ದರೆ ಮಳೆಗಾಲದಲ್ಲಿ ಕಾರ್ಡ್ ಬಿಲ್ಲಿನಂತೆ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು, ಪೊಟ್ಟಣವನ್ನು ಆಗಾಗ ಬದಲಿಸಿ.

ಕಾರ್ಯಕ್ರಮದಲ್ಲಿ ಅಭಿಮಾನಿಗಳು ಹಿಡಿಯುವ ಬೆಳಕಿನ ಕೋಲು, ಅಂದರೆ ಲೈಟ್‌ಸ್ಟಿಕ್, ಹಳೆಯ ಬಲೂನಿನ ಮೊಮ್ಮಗ. ಈಗಿನವುಗಳಲ್ಲಿ ಬ್ಲೂಟೂತ್ ಇರುತ್ತದೆ. ಆ್ಯಪ್‌ನಲ್ಲಿ ಟಿಕೆಟ್ಟಿನ ಆಸನ ಸಂಖ್ಯೆ ತುಂಬಿದರೆ ಕೋಲಿನ ಬಣ್ಣ ವೇದಿಕೆಯವರ ಕೈಯಲ್ಲಿ. ಇಡೀ ಕ್ರೀಡಾಂಗಣ ಅಲೆಯಾಗಿ ನೇರಳೆಗೆ ತಿರುಗುವುದು ಹೀಗೆ. ಒಬ್ಬರ ಕೋಲು ಮಾತ್ರ ಬೇರೆ ಬಣ್ಣದಲ್ಲಿದ್ದರೆ ಕಾರಣ ಸಾಮಾನ್ಯವಾಗಿ ಮೂರು: ಆಸನ ಸಂಖ್ಯೆ ತಪ್ಪು, ಗುಂಡಿ ಬ್ಲೂಟೂತ್ ಸ್ಥಾನದಲ್ಲಿಲ್ಲ, ಅಥವಾ ಹಳೆಯ ಮಾದರಿ. ಬಹುಪಾಲು ಕೋಲುಗಳಿಗೆ ಮೂರು ಎಎಎ ಸೆಲ್ ಬೇಕು. ಎತ್ತಿಡುವಾಗ ಸೆಲ್ ತೆಗೆಯಿರಿ, ಸೋರಿದರೆ ಒಳಗಿನ ತಂತಿ ತುಕ್ಕು ಹಿಡಿಯುತ್ತದೆ.

ಸೇನೆಯ ವಿಷಯವನ್ನು ಬಿಟ್ಟು ಹುಡುಗರ ತಂಡದ ಮಾತು ಪೂರ್ತಿಯಾಗದು. ಕೊರಿಯಾದ ಗಂಡಸರಿಗೆ ಸೇವೆ ಕಡ್ಡಾಯ, ಭೂಸೇನೆಯಲ್ಲಿ 18 ತಿಂಗಳು, ಸಾಮಾನ್ಯವಾಗಿ 28ರೊಳಗೆ ಸೇರಬೇಕು. ಸರ್ಕಾರದ ಪದಕ ಪಡೆದ ಪಾಪ್ ಕಲಾವಿದರು 30ರವರೆಗೆ ಮುಂದೂಡಬಹುದು ಎಂದು 2020ರ ಡಿಸೆಂಬರ್‌ನಲ್ಲಿ ಕಾನೂನು ತಿದ್ದಿದರು. ಬಿಟಿಎಸ್‌ನ ಜಿನ್ 2022ರ ಡಿಸೆಂಬರ್‌ನಲ್ಲಿ ಮೊದಲು ಹೋದರು, ಏಳನೆಯವರ ಸೇವೆ ಮುಗಿದದ್ದು 2025ರ ಜೂನ್‌ನಲ್ಲಿ. ಆ ಎರಡೂವರೆ ವರ್ಷ ಒಬ್ಬೊಬ್ಬರ ಏಕವ್ಯಕ್ತಿ ಆಲ್ಬಮ್‌ಗಳು ಒಂದರ ಹಿಂದೊಂದು ಬರುತ್ತಿದ್ದವು. ತಂಡದಲ್ಲಿ ಒಂಬತ್ತು, ಹದಿಮೂರು ಜನ ಯಾಕೆ ಎಂಬ ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರವಿದೆ. ಇಬ್ಬರು ಹೋದರೂ ಮಿಕ್ಕವರು ವೇದಿಕೆ ಹಿಡಿದಿರುತ್ತಾರೆ.

ಕನ್ನಡಿಗರಿಗೆ ನಿಜವಾಗಿ ಅನುಕೂಲವಿರುವ ಜಾಗ ಕೊನೆಗೆ ಇಟ್ಟಿದ್ದೇನೆ: ಫ್ಯಾನ್‌ಚಾಂಟ್, ಹಾಡಿನ ನಡುವೆ ಅಭಿಮಾನಿಗಳು ಒಟ್ಟಾಗಿ ಕೂಗುವ ಸಾಲುಗಳು. ಹೆಚ್ಚಾಗಿ ಕಂಪನಿಯೇ ಇದರ ಪಠ್ಯ ಕೊಡುತ್ತದೆ. ಕೊರಿಯನ್ ಕೂಡ ಕನ್ನಡದಂತೆ ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ, ನಾಮಪದಕ್ಕೆ ಪ್ರತ್ಯಯ ಅಂಟಿಸುವ ಭಾಷೆ. ಅಪ್ಪನಿಗೆ ‘ಅಪ್ಪಾ’ ಎಂದೇ ಕರೆಯುತ್ತಾರೆ, ಅಮ್ಮನಿಗೆ ‘ಅಮ್ಮಾ’ಗೆ ತೀರ ಹತ್ತಿರದ ಪದ. ಅಲ್ಲಿನ ಕ-ಕಾರ ಮೂರು ಬಗೆ: ಸಡಿಲ, ಉಸಿರು ಕೂಡಿದ್ದು, ಬಿಗಿದದ್ದು. ಉಸಿರಿನದು ನಮ್ಮ ‘ಖ’, ಬಿಗಿದದ್ದು ‘ಅಕ್ಕ’ದ ‘ಕ್ಕ’ಗೆ ಹತ್ತಿರ. ಇಂಗ್ಲಿಷ್ ಅಕ್ಷರಗಳ ಮೂಲಕ ಕಲಿತವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಕನ್ನಡದ ಕಿವಿಗೆ ಕೇಳುತ್ತದೆ.

ಆದ್ದರಿಂದ ಪಠ್ಯವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಬಿಟಿಎಸ್‌ನ ಏಳು ಹೆಸರುಗಳಲ್ಲಿ ಮೊದಲು ನಾಯಕ, ಆಮೇಲೆ ವಯಸ್ಸಿನ ಕ್ರಮ: ಕಿಮ್ ನಾಮ್‌ಜುನ್, ಕಿಮ್ ಸಕ್‌ಜಿನ್, ಮಿನ್ ಯುನ್‌ಗಿ, ಜಂಗ್ ಹೊಸಕ್, ಪಾಕ್ ಜಿಮಿನ್, ಕಿಮ್ ಥೇಹ್ಯಂಗ್, ಜನ್ ಜಂಗ್‌ಗುಕ್. ಇಂಗ್ಲಿಷ್‌ನಲ್ಲಿ ‘ಪಾರ್ಕ್’ ಎಂದು ಬರೆದರೂ ಅಲ್ಲಿ ರ-ಕಾರದ ಉಚ್ಚಾರವಿಲ್ಲ. ‘ಜಿಯಾನ್’ ಎಂದು ಓದುವಂತೆ ಕಾಣುವುದು ‘ಜನ್’ ಮಾತ್ರ. ಆ ಸ್ವರ ನಮ್ಮ ಅ ಮತ್ತು ಒ ನಡುವೆ ಇದೆ.

ಏಳು ಹೆಸರೂ ಮೂರು ಮೂರು ಉಚ್ಚಾರಗಳವು, ಒಟ್ಟು 21. ಹಾಗಾಗಿಯೇ ಅವು ತಾಳಕ್ಕೆ ಅಷ್ಟು ಅಚ್ಚುಕಟ್ಟಾಗಿ ಕೂರುತ್ತವೆ. ನಮ್ಮ ನಾಲಿಗೆ ತಪ್ಪುವುದು ಹೆಸರಿನ ಕೊನೆಯಲ್ಲಿ. ಬಸ್ಸು, ಕಾರು, ಬ್ಯಾಂಕು ಎಂದು ವ್ಯಂಜನದ ಕೊನೆಗೆ ‘ಉ’ ಸೇರಿಸುವ ರೂಢಿ ನಮ್ಮದು. ‘ಪಾಕು ಜಿಮಿನು’, ‘ಜಂಗ್‌ಗುಕ್ಕು’ ಎಂದ ಕೂಡಲೇ ಮೂರಿದ್ದದ್ದು ನಾಲ್ಕು, ಐದಾಗಿ, ಏಳನೇ ಹೆಸರಿನ ಹೊತ್ತಿಗೆ ನೀವು ತಾಳಕ್ಕಿಂತ ಹಿಂದೆ ಬಿದ್ದಿರುತ್ತೀರಿ. ಕೊನೆಯ ಕ್-ಕಾರಕ್ಕೆ ನಾಲಿಗೆ ಅಂಗುಳಕ್ಕೆ ಮುಟ್ಟಿ ಅಲ್ಲೇ ನಿಲ್ಲಬೇಕು, ಗಾಳಿ ಹೊರಬರಬಾರದು. ಮೊದಲು ಹಾಡಿಲ್ಲದೆ ಚಪ್ಪಾಳೆಗೆ ನಿಧಾನವಾಗಿ ಹೇಳಿ. ಆಮೇಲೆ 0.75 ವೇಗದ ಹಾಡಿಗೆ, ಕೊನೆಗೆ ಪೂರ್ತಿ ವೇಗಕ್ಕೆ. ಏಳನೆಯ ಹೆಸರಾದ ಮೇಲೆ ‘ಬಿಟಿಎಸ್’ ಎಂದು ಒಮ್ಮೆ ಕೂಗಿ ಬಾಯಿ ಮುಚ್ಚಿ. ಮುಂದಿನ ತಾಳಕ್ಕೆ ಅವರು ಹಾಡಲು ಶುರುಮಾಡುತ್ತಾರೆ.